ಆರು ವೆಲ್ಡಿಂಗ್ ಲೇಸರ್, ಒಂದು ಹಳೇ ಹಡಗು

ಪೀಣ್ಯದ ಕಡೆ ಓಡಾಡುವವರಿಗೆ ಫೈಬರ್ ಲೇಸರ್ ಹೊಸದೇನಲ್ಲ. ಶೀಟ್ ಮೆಟಲ್ ಶೆಡ್ಡಿನೊಳಗೆ ಕಾಲಿಟ್ಟರೆ ಉದ್ದನೆಯ ಮೇಜು, ಅದರ ಮೇಲೆ ಅತ್ತಿತ್ತ ಓಡುವ ಕಟಿಂಗ್ ಹೆಡ್, ಅದರಡಿ ಕಿಡಿ. ನೋಡಲು ಬಂದವರ ಕಣ್ಣೆಲ್ಲ ಆ ಕಿಡಿಯ ಮೇಲೆ. ಯಂತ್ರ ನಡೆಸುವವನ ಗಮನ ಮಾತ್ರ ಪಕ್ಕದಲ್ಲಿ ಗುಯ್‌ಗುಡುತ್ತಾ ನಿಂತ, ಬೀರುವಿನಷ್ಟು ಎತ್ತರದ ಪೆಟ್ಟಿಗೆಯ ಕಡೆಗೂ ಇರುತ್ತದೆ. ಅದು ಚಿಲ್ಲರ್. ತಣ್ಣನೆಯ ನೀರನ್ನು ಲೇಸರಿನೊಳಗೆ ಸುತ್ತಿಸುವುದು ಅದರ ಕೆಲಸ. ಅದು ನಿಂತರೆ ಲೇಸರೂ ನಿಂತಿತು. ಬೇಸಿಗೆಯಲ್ಲಿ ಅದರ ಅಲಾರಾಂ ಹೊಡೆದುಕೊಂಡರೆ ಆ ಹೊತ್ತಿನ ಕೆಲಸ ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಷಯ. ಕಟಿಂಗ್ ಹೆಡ್ಡಿನ ನಾಝಲ್‌ಗೂ ಸ್ಟೀಲ್ ಹಾಳೆಗೂ ನಡುವೆ ಇರುವ ಅಂತರ ಒಂದು ಮಿಲಿಮೀಟರ್ ಆಸುಪಾಸು. ಕರಗಿದ ಲೋಹವನ್ನು ಊದಿ ಆಚೆ ತಳ್ಳಲು ಗ್ಯಾಸ್ ಬೇರೆ ಇರುತ್ತದೆ. ಹಾಳೆ ಮಿಸುಕುವುದಿಲ್ಲ.

ಈಗ ಆ ಹಾಳೆಯನ್ನು ಒಂದೂವರೆ ಕಿಲೋಮೀಟರ್ ದೂರಕ್ಕೆ ಒಯ್ಯಿರಿ. ರೆಕ್ಕೆ ಕಟ್ಟಿ ಹಾರಿಸಿ. ನಡುವೆ ಉಪ್ಪುಗಾಳಿ, ತೇವ, ಧೂಳು ತುಂಬಿ. ಲೇಸರನ್ನು ಅಲೆಯ ಮೇಲೆ ಓಲಾಡುವ ಹಡಗಿನಲ್ಲಿಡಿ. ಅಮೆರಿಕದ ನೌಕಾಪಡೆ 2014ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಆ ಲೇಸರ್ ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ಒಂದೇ ಒಂದು ಪೀಸಿಗೆ ಕಥೆ ನಿಂತಿತು. ಅದನ್ನು ಕಡಲಿಗೆ ಇಳಿಸಿದ ಜಾಣತನವೇ ಮುಂದೆ ಅದರ ಕಾಲಿಗೆ ತೊಡಕಾಯಿತು ಅನ್ನುವುದು ನನ್ನ ಅನಿಸಿಕೆ. ಹೇಗೆ ಅಂತ ನೋಡೋಣ.

ಕೂಸು ಹುಟ್ಟುವ ಮುಂಚೆ ಕುಲಾವಿ

ಹಿನ್ನೆಲೆಗೆ ಒಂದು ವಿಮಾನದ ಕಥೆ ಬೇಕು. 1996ರಲ್ಲಿ ಅಮೆರಿಕದ ವಾಯುಪಡೆ ಒಂದು ಬೋಯಿಂಗ್ 747ರ ಹೊಟ್ಟೆಯಲ್ಲಿ ಲೇಸರ್ ಕೂರಿಸುವ ಯೋಜನೆಗೆ ಕೈಹಾಕಿತು. ಶತ್ರುವಿನ ಕ್ಷಿಪಣಿ ನೆಲ ಬಿಟ್ಟು ಮೇಲೇರುವಾಗಲೇ ಅದನ್ನು ಸುಡಬೇಕು ಅನ್ನುವುದು ಆಸೆ. ಲೇಸರ್ ಮೆಗಾವ್ಯಾಟ್ ಮಟ್ಟದ್ದು. ಆದರೆ ಅದು ಕರೆಂಟಿನಿಂದ ನಡೆಯುವುದಲ್ಲ, ಕ್ಲೋರಿನ್, ಹೈಡ್ರೋಜನ್ ಪೆರಾಕ್ಸೈಡ್, ಅಯೋಡಿನ್ ಸೇರಿಸಿ ನಡೆಸುವ ರಾಸಾಯನಿಕ ಲೇಸರ್. ವಿಮಾನದೊಳಗೇ ಒಂದು ಸಣ್ಣ ಕೆಮಿಕಲ್ ಫ್ಯಾಕ್ಟರಿ ಅನ್ನಿ. ಒಂದು ವಿಮಾನವೂ ಗುಂಡು ಹೊಡೆಯುವ ಮೊದಲೇ ಏಳು ವಿಮಾನಗಳ ಪಡೆ ಕಟ್ಟುವ ಲೆಕ್ಕಾಚಾರ ನಡೆದಿತ್ತು.

2010ರ ಫೆಬ್ರವರಿ 11ರಂದು ಕ್ಯಾಲಿಫೋರ್ನಿಯಾ ತೀರದಲ್ಲಿ ಅದು ನಿಜಕ್ಕೂ ಒಂದು ಕ್ಷಿಪಣಿಯನ್ನು ಹಾರುತ್ತಿರುವಾಗಲೇ ಸುಟ್ಟಿತು. ವಿಜ್ಞಾನ ಗೆದ್ದಿತು. ಆಯುಧ ಮಾತ್ರ ಆಗಲೇ ಸೋತಿತ್ತು. ಅದಕ್ಕೂ ಮುಂಚೆ, 2009ರಲ್ಲೇ, ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಸಂಸತ್ತಿನ ಮುಂದೆ ಲೆಕ್ಕ ಇಟ್ಟಿದ್ದರು. ಇರಾನಿನ ಗಡಿಯಾಚೆ ನಿಂತು ಹೊಡೆಯಬೇಕಾದರೆ ಇದರ 20ರಿಂದ 30 ಪಟ್ಟು ಶಕ್ತಿಯ ಲೇಸರ್ ಬೇಕು. ಇಲ್ಲದಿದ್ದರೆ ಆ ದಪ್ಪ ವಿಮಾನ ಇರಾನಿನ ಆಕಾಶದೊಳಗೇ ಸುತ್ತು ಹೊಡೆಯುತ್ತಿರಬೇಕು. ಯಾರು ಬಿಡುತ್ತಾರೆ? 500 ಕೋಟಿ ಡಾಲರ್‌ಗೂ ಜಾಸ್ತಿ ಸುರಿದ ಮೇಲೆ 2011ರ ಕೊನೆಯಲ್ಲಿ ಯೋಜನೆಗೆ ಬೀಗ ಬಿತ್ತು. ವಿಮಾನವನ್ನು ಅರಿಝೋನಾದ ಮರುಭೂಮಿಗೆ ಒಯ್ದು ನಿಲ್ಲಿಸಿದರು. 2014ರ ಸೆಪ್ಟೆಂಬರಿನಲ್ಲಿ ಗುಜರಿಗೆ ಹಾಕಿದರು.

ಅದೇ ತಿಂಗಳು ಪರ್ಷಿಯನ್ ಕೊಲ್ಲಿಯಲ್ಲಿ ಬೇರೊಂದು ಲೇಸರ್ ಕೆಲಸ ಶುರು ಮಾಡಿತ್ತು. ಅದರ ಶಕ್ತಿ 747ರ ಲೇಸರಿನ ಮುಂದೆ ಲೆಕ್ಕಕ್ಕೇ ಇಲ್ಲ.

ಅಂಗಡಿಯಿಂದ ತಂದ ಲೇಸರ್

ಆ ಲೇಸರಿನ ಹೆಸರು ಸುಮ್ನೆ ಲೇಸರ್ ವೆಪನ್ ಸಿಸ್ಟಮ್. ಮೊದಲಕ್ಷರ ಸೇರಿಸಿ ಅವರು ಕರೆಯುವುದು ‘ಲಾಸ್’ ಅಂತ. ಕನ್ನಡದ ಕಿವಿಗೆ ಇದು ವ್ಯಾಪಾರದಲ್ಲಿ ಆಗುವ ಲಾಸ್ ಥರ ಕೇಳಿಸುತ್ತದೆ. ಏನು ಮಾಡೋಣ, ಅವರಿಟ್ಟ ಹೆಸರು.

ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿರುವ ನೌಕಾಪಡೆಯ ಸಂಶೋಧನಾ ಕೇಂದ್ರದ ಎಂಜಿನಿಯರುಗಳು ಇಲ್ಲಿ ಒಂದು ಜಾಣ ಕೆಲಸ ಮಾಡಿದರು. ಲೇಸರನ್ನು ಕಂಡುಹಿಡಿಯಲು ಹೋಗಲಿಲ್ಲ, ಕೊಂಡುಕೊಂಡರು. ಕಾರ್ಖಾನೆಗಳಲ್ಲಿ ವೆಲ್ಡಿಂಗ್‌ಗೆ ಬಳಸುವ ಫೈಬರ್ ಲೇಸರ್ ಆರು. ಒಂದೊಂದೂ ಸುಮಾರು 5.5 ಕಿಲೋವ್ಯಾಟ್, ಒಟ್ಟು 33. ಆರು ಕಿರಣಗಳನ್ನೂ ಒಂದೇ ದೂರದರ್ಶಕದ ಮೂಲಕ ಒಂದೇ ಗುರಿಯ ಮೇಲೆ ಬಿಟ್ಟರು. ಅಲೆಗೆ ಅಲೆ ಕೂಡಿಸಿ ಒಂದೇ ಕಿರಣ ಮಾಡುವ ಕಷ್ಟದ ವಿದ್ಯೆಗೆ ಕೈಹಾಕಲಿಲ್ಲ. ಆರು ಜನ ಆರು ಟಾರ್ಚನ್ನು ಒಂದೇ ಗೋಡೆಯ ಮೇಲೆ ಹಿಡಿದ ಹಾಗೆ. ಗುರಿ ಎಲ್ಲಿದೆ ಅಂತ ಮೊದಲು ತೋರಿಸಲು ಯುದ್ಧನೌಕೆಗಳಲ್ಲಿ ಆಗಲೇ ಇರುವ ಫ್ಯಾಲಾಂಕ್ಸ್ ಬಂದೂಕಿನ ರಾಡಾರನ್ನೇ ಬಳಸಬಹುದಿತ್ತು. ವರ್ಷಗಟ್ಟಲೆ ನಡೆದ ಈ ಕೆಲಸಕ್ಕೆ ಆದ ಖರ್ಚು ಸುಮಾರು 4 ಕೋಟಿ ಡಾಲರ್. 747ಕ್ಕೆ ಸುರಿದದ್ದರಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ.

33 ಕಿಲೋವ್ಯಾಟ್ ಅಂದರೆ ಎಷ್ಟು? ಮನೆಯ ಬಚ್ಚಲಿನ ಗೀಸರ್ 2 ಕಿಲೋವ್ಯಾಟಿನದು. ಹದಿನಾರು ಗೀಸರಿನ ಶಾಖವನ್ನು ಅಂಗೈಯಗಲ ಜಾಗದಲ್ಲಿ ಸುರಿದ ಹಾಗೆ ಅಂದುಕೊಳ್ಳಿ. ಕ್ಷಿಪಣಿಯ ದಪ್ಪ ಕವಚಕ್ಕೆ ಇದು ಸಾಲದು. ಡ್ರೋನಿನ ಪ್ಲಾಸ್ಟಿಕ್ ರೆಕ್ಕೆಗೆ, ಕ್ಯಾಮೆರಾಗೆ, ದೋಣಿಯ ಎಂಜಿನ್ನಿಗೆ ಸಾಕು. ಅದಕ್ಕಿಂತ ದೊಡ್ಡ ಗುರಿಯನ್ನು ಇವರು ಹೇಳಿಕೊಳ್ಳಲೂ ಇಲ್ಲ.

ಹೆಜ್ಜೆಗಳೂ ಹಾಗೇ ಇದ್ದವು. 2009ರಲ್ಲಿ ಚೈನಾ ಲೇಕ್ ಮರುಭೂಮಿಯಲ್ಲಿ ನೆಲದ ಮೇಲಿಂದ ಐದು ಡ್ರೋನ್. 2010ರಲ್ಲಿ ಸ್ಯಾನ್ ನಿಕೋಲಸ್ ದ್ವೀಪದಿಂದ ಕಡಲಿನ ಮೇಲೆ ನಾಲ್ಕು. 2012ರಲ್ಲಿ ಸ್ಯಾನ್ ಡಿಯಾಗೋ ಬಳಿ ಡ್ಯೂಯಿ ಅನ್ನುವ ಡಿಸ್ಟ್ರಾಯರ್ ದರ್ಜೆಯ ಯುದ್ಧನೌಕೆಯ ಮೇಲೆ ತಾತ್ಕಾಲಿಕವಾಗಿ ಕೂರಿಸಿ ಮೂರು. ಹನ್ನೆರಡಕ್ಕೆ ಹನ್ನೆರಡೂ ಬಿದ್ದವು. ಮೊದಲು ಒಣಗಾಳಿ, ಆಮೇಲೆ ಕಡಲಗಾಳಿ, ಕೊನೆಗೆ ಓಲಾಡುವ ಡೆಕ್. ಕಷ್ಟವನ್ನು ಒಂದೊಂದಾಗಿ ಸೇರಿಸಿದ ಈ ಕ್ರಮ ನನಗೆ ತುಂಬ ಹಿಡಿಸಿತು. 747ರವರು ಎಲ್ಲ ಕಷ್ಟವನ್ನೂ ಮೊದಲ ದಿನವೇ ತಲೆಯ ಮೇಲೆ ಹೊತ್ತಿದ್ದರು.

2013ರ ಏಪ್ರಿಲಿನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಜೊನಾಥನ್ ಗ್ರೀನರ್ಟ್ ಘೋಷಿಸಿದರು: ಮುಂದಿನ ವರ್ಷ ಇದು ಕೊಲ್ಲಿಗೆ ಹೋಗುತ್ತದೆ.

ಪೊನ್ಸೆಯ ಡೆಕ್ಕಿನ ಮೇಲೆ

ಯಾವ ಹಡಗು? ಇಲ್ಲೇ ಇದೆ ಈ ಪ್ರಕರಣದ ತಿರುಳು.

ಪೊನ್ಸೆ 1971ರಲ್ಲಿ ಸೇವೆಗೆ ಬಂದ ಹಡಗು. ಸೈನಿಕರನ್ನು, ಅವರ ವಾಹನಗಳನ್ನು ದಡ ಸೇರಿಸುವುದು ಅದರ ಮೊದಲ ಕೆಲಸ. 2012ರಲ್ಲಿ ನಿವೃತ್ತಿಯಾಗಬೇಕಿತ್ತು. ಅಷ್ಟರಲ್ಲಿ ಇರಾನ್ ಹಾರ್ಮುಜ್ ಜಲಸಂಧಿಯನ್ನು ಮುಚ್ಚುವ ಮಾತಾಡಿತು. ಕೊಲ್ಲಿಯ ನೀರಿನಲ್ಲಿ ಹುದುಗಿಸಿಟ್ಟ ಮೈನ್‌ಗಳನ್ನು ಹುಡುಕುವ ಹೆಲಿಕಾಪ್ಟರ್‌ಗಳಿಗೆ, ಸಣ್ಣ ದೋಣಿಗಳಿಗೆ ತೇಲುವ ನೆಲೆ ಒಂದು ತುರ್ತಾಗಿ ಬೇಕಾಯಿತು. ಪೊನ್ಸೆಗೆ ಅವಸರದಲ್ಲಿ ಬಣ್ಣ ಬಳಿದು, ರಿಪೇರಿ ಮಾಡಿ ಕಳಿಸಿದರು. ನೌಕಾಪಡೆಯವರೂ ಸಿವಿಲಿಯನ್ ನಾವಿಕರೂ ಒಟ್ಟಿಗೆ ನಡೆಸುವ ಹಡಗಾಯಿತು. ನಿವೃತ್ತಿ ವಯಸ್ಸು ದಾಟಿದ ಮೇಷ್ಟ್ರನ್ನು ಇನ್ನೊಂದು ವರ್ಷ ಅಂತ ಉಳಿಸಿಕೊಳ್ಳುತ್ತಾರಲ್ಲ, ಹಾಗೆ.

ಇಂಥ ಹಡಗಿನಲ್ಲಿ ಜಾಗಕ್ಕೆ ಜಗಳ ಇರುವುದಿಲ್ಲ. ಡಿಸ್ಟ್ರಾಯರಿನಲ್ಲಾದರೆ ಒಂದೊಂದು ಅಡಿ ಡೆಕ್ಕಿಗೂ ನಾಲ್ಕು ಜನ ವಾರಸುದಾರರು. ಒಂದು ಪೆಟ್ಟಿಗೆ ಇಡಬೇಕಾದರೆ ಇನ್ನೊಂದು ತೆಗೆಯಬೇಕು. ತೂಕದ ಲೆಕ್ಕ, ಕರೆಂಟಿನ ಲೆಕ್ಕ, ರಾಡಾರಿಗೆ ಅಡ್ಡ ಬರುತ್ತದಾ ಅನ್ನುವ ಲೆಕ್ಕ. ಪೊನ್ಸೆಯಲ್ಲಿ ಆ ತಾಪತ್ರಯ ಕಡಿಮೆ. ಎತ್ತರದ ಜಾಗ ಸಿಕ್ಕಿತು. ದೂರದರ್ಶಕದ ಗೂಡು ಕೂರಿಸಿದರು. ಹಡಗಿನ ಕರೆಂಟಿಗೆ ಕೈಹಾಕುವ ಗೋಜಿಲ್ಲದೆ ಲೇಸರಿಗೇ ಅಂತ ಬೇರೆ ಡೀಸೆಲ್ ಜನರೇಟರ್ ಇಟ್ಟರು. ನಮ್ಮಲ್ಲಿ ಮದುವೆ ಛತ್ರದ ಹಿಂದೆ ಜನರೇಟರ್ ಇಟ್ಟು ಲೈಟಿಂಗ್ ಮಾಡುತ್ತಾರಲ್ಲ, ಅದೇ ಉಪಾಯ.

2014ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಪರೀಕ್ಷೆ ನಡೆಯಿತು. ಡಿಸೆಂಬರಿನಲ್ಲಿ ನೌಕಾಪಡೆ ವಿಡಿಯೋ ಬಿಡುಗಡೆ ಮಾಡಿತು. ಸಿನಿಮಾ ನೋಡಿ ಬಂದವರಿಗೆ ಅದು ಸಪ್ಪೆ. ಕೆಂಪು ಗೆರೆ ಇಲ್ಲ, ಝುಂಯ್ ಅನ್ನುವ ಶಬ್ದ ಇಲ್ಲ. ಬಿಳಿಯ ಗೂಡು ಮೆಲ್ಲಗೆ ತಿರುಗುತ್ತದೆ. ಸುಮಾರು ಒಂದು ಮೈಕ್ರಾನ್ ಅಲೆಯುದ್ದದ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಸಣ್ಣ ದೋಣಿಯ ಮೇಲಿಟ್ಟ ಗುರಿ ಇದ್ದಕ್ಕಿದ್ದ ಹಾಗೆ ಹೊತ್ತಿಕೊಳ್ಳುತ್ತದೆ. ಒಂದು ಸ್ಕ್ಯಾನ್‌ಈಗಲ್ ಡ್ರೋನ್ ಉರಿದು ನೀರಿಗೆ ಬೀಳುತ್ತದೆ. ಹೊಡೆದವನ ಕೈಯಲ್ಲಿರುವುದು ಮಕ್ಕಳ ವಿಡಿಯೋ ಗೇಮಿನ ರಿಮೋಟ್ ಥರದ್ದು. ಬಿಸಿಲು, ತೇವ, ಗಾಳಿಯಲ್ಲೂ ಅದು ಕೆಲಸ ಮಾಡಿತು ಎಂದು ನೌಕಾಪಡೆ ಹೇಳಿತು. ಬರೀ ಪ್ರದರ್ಶನದ ಸಾಮಾನೂ ಆಗಿರಲಿಲ್ಲ. ಹಡಗಿಗೆ ಅಪಾಯ ಬಂದರೆ ಬಳಸಬಹುದು ಅಂತ ಕ್ಯಾಪ್ಟನ್ನಿಗೆ ಅನುಮತಿಯೂ ಇತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಹಡಗಿನವರು ಆ ಯಂತ್ರವನ್ನು ಸುಡುವುದಕ್ಕಿಂತ ಜಾಸ್ತಿ ನೋಡುವುದಕ್ಕೆ ಬಳಸಿಕೊಂಡರು. ಕಿರಣವನ್ನು ದೂರದ ಸಣ್ಣ ಚುಕ್ಕೆಯ ಮೇಲೆ ಕೂರಿಸಬೇಕಾದರೆ ಒಳ್ಳೆಯ ದೂರದರ್ಶಕ ಬೇಕೇ ಬೇಕು, ಅಲ್ವಾ? ಅದು ಹೇಗೂ ಇದೆ. ದೂರದಲ್ಲಿ ಬರುತ್ತಿರುವ ದೋಣಿ ಮೀನುಗಾರರದ್ದಾ, ಬೇರೆಯವರದ್ದಾ ಅಂತ ಹಗಲೂ ರಾತ್ರಿ ಅದರಲ್ಲೇ ನೋಡತೊಡಗಿದರು. ಪ್ರಯೋಗಶಾಲೆಯಲ್ಲಿ ಕೂತು ಆಯುಧ ಅಂತ ಬರೆದುಕೊಂಡಿದ್ದು ಡೆಕ್ಕಿನ ಮೇಲೆ ಕಾವಲುಗಾರನ ಕಣ್ಣಾಯಿತು. ಇಂಥದ್ದು ಬಳಸುವವರ ಕೈಗೆ ಕೊಟ್ಟ ಮೇಲಷ್ಟೇ ಗೊತ್ತಾಗುತ್ತದೆ.

ಪತ್ರಿಕೆಗಳು ಮಾತ್ರ ಒಂದು ಹೊಡೆತಕ್ಕೆ ಒಂದು ಡಾಲರ್‌ಗಿಂತ ಕಡಿಮೆ ಅನ್ನುವುದನ್ನೇ ಹಿಡಿದುಕೊಂಡವು. ಲೆಕ್ಕ ಸುಳ್ಳಲ್ಲ. ಇಂಥ ಲೇಸರಿಗೆ ಕೊಟ್ಟ ಕರೆಂಟಿನಲ್ಲಿ ಕಾಲು ಭಾಗವೋ ಮೂರನೇ ಒಂದು ಭಾಗವೋ ಬೆಳಕಾಗುತ್ತದೆ. ಹತ್ತು ಸೆಕೆಂಡ್ ಉರಿಸಿದರೆ ಒಂದು ಯುನಿಟ್ಟಿನ ಮೂರನೇ ಒಂದು ಭಾಗ ಖರ್ಚು. ಆದರೆ ಬಾಡಿಗೆ ಆಟೋದ ಖರ್ಚು ಬರೀ ಪೆಟ್ರೋಲ್ ಅಂತ ಯಾರಾದರೂ ಹೇಳುತ್ತಾರಾ? ಬೆಳಕಾಗದೆ ಉಳಿದ ಮುಕ್ಕಾಲು ಪಾಲು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಅದು ಶಾಖ. ಅದನ್ನು ಹೊತ್ತು ಹಾಕುವುದು ಚಿಲ್ಲರ್.

ಕಡಲಿನಲ್ಲಿ ಲೇಸರ್ ಹೊಡೆಯುವುದಕ್ಕೆ ಬೇರೆಯದೇ ಆದ ಕಟ್ಟಳೆಗಳೂ ಇವೆ. ಗುಂಡು ಗುರಿ ತಪ್ಪಿದರೆ ಎಲ್ಲೋ ನೀರಿಗೆ ಬೀಳುತ್ತದೆ. ಬೆಳಕು ಬೀಳುವುದಿಲ್ಲ, ಹೋಗುತ್ತಲೇ ಇರುತ್ತದೆ. ಮೇಲೆ ಉಪಗ್ರಹ ಇದ್ದರೆ ಅದರ ಕಣ್ಣಿಗೆ ತಗಲಬಹುದು. ಅದಕ್ಕಾಗಿ ಅಮೆರಿಕದ ಸೇನೆಯಲ್ಲಿ ಲೇಸರ್ ಕ್ಲಿಯರಿಂಗ್‌ಹೌಸ್ ಅಂತಲೇ ಒಂದು ವಿಭಾಗವಿದೆ. ಯಾವ ಹೊತ್ತಿನಲ್ಲಿ ಯಾವ ದಿಕ್ಕಿಗೆ ಹೊಡೆಯಬಾರದು ಅಂತ ಹೇಳುವುದು ಅದರ ಕೆಲಸ. ಮನುಷ್ಯರನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ಮಾಡಿದ ಲೇಸರ್ ಆಯುಧಗಳನ್ನು 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಹಾಗಾಗಿ ಗುರಿ ವಸ್ತುಗಳೇ ಹೊರತು ಜನರಲ್ಲ ಅಂತ ನೌಕಾಪಡೆ ಮತ್ತೆ ಮತ್ತೆ ಹೇಳಬೇಕಾಯಿತು.

ಆಮೇಲೆ ಯಾಕೆ ನಿಂತಿತು

2017ರ ಅಕ್ಟೋಬರಿನಲ್ಲಿ ಪೊನ್ಸೆ ನಿವೃತ್ತಿಯಾಯಿತು. ಮೂರು ವರ್ಷ ಲೇಸರ್ ಅದರ ಮೇಲಿತ್ತು. ಇಷ್ಟು ಚೆನ್ನಾಗಿ ನಡೆದ ಮೇಲೆ ಇಂಥದ್ದೇ ಇನ್ನೂ ಹತ್ತು ಮಾಡಿಸುತ್ತಾರೆ ಅಂತ ಯಾರಿಗಾದರೂ ಅನಿಸಬೇಕು. ಮಾಡಿಸಲಿಲ್ಲ.

ಈಗ ಹಿಂದಕ್ಕೆ ತಿರುಗಿ ನೋಡಿ. ಪೊನ್ಸೆಯಲ್ಲಿ ಜಾಗ ಇತ್ತು, ಡಿಸ್ಟ್ರಾಯರಿನಲ್ಲಿಲ್ಲ. ಪೊನ್ಸೆಯಲ್ಲಿ ಬೇರೆ ಜನರೇಟರ್ ಇಟ್ಟರು, ಹಾಗಾಗಿ ಯುದ್ಧನೌಕೆಯ ಕರೆಂಟಿನಿಂದಲೇ ಲೇಸರ್ ನಡೆಸುವುದು ಹೇಗೆ ಅಂತ ಕಲಿಯಲಿಲ್ಲ. ಡಿಸ್ಟ್ರಾಯರಿನ ತಲೆ ಅಂದರೆ ಏಜಿಸ್ ಯುದ್ಧವ್ಯವಸ್ಥೆ. ಯಾವ ಗುರಿಗೆ ಯಾವ ಆಯುಧ ಅಂತ ಹಂಚುವುದು ಅದು. ಪೊನ್ಸೆಯಲ್ಲಿ ಏಜಿಸ್ ಇರಲೇ ಇಲ್ಲ. ಹಡಗಿನಲ್ಲಿ ಆ ಲೇಸರ್ ಒಬ್ಬ ಅತಿಥಿಯಂತೆ ಇತ್ತು. ತನ್ನ ಹಾಸಿಗೆ ತಾನೇ ತಂದಿತ್ತು, ತನ್ನ ಊಟ ತಾನೇ ಮಾಡಿಕೊಂಡಿತ್ತು. ಅತಿಥಿಯಾಗಿ ಚೆನ್ನಾಗಿದ್ದವನು ಮನೆಯವನಾಗಿಯೂ ಹೊಂದಿಕೊಳ್ಳುತ್ತಾನಾ ಅನ್ನುವುದು ಬೇರೆ ಪ್ರಶ್ನೆ. ಅಡ್ಡಿಗಳನ್ನು ಬಗೆಹರಿಸದೆ ಬದಿಗಿಟ್ಟಿದ್ದರಿಂದಲೇ ಅಷ್ಟು ಬೇಗ ಕಡಲಿಗೆ ಹೋಗಲು ಆಯಿತು. ಅದೇ ಅಡ್ಡಿಗಳು ಮುಂದಿನ ಹಡಗಿನ ಬಾಗಿಲಲ್ಲಿ ಕಾದು ನಿಂತಿದ್ದವು.

ದುಡ್ಡಿನ ವಿಷಯವೂ ಇದೆ. ಸಂಶೋಧನೆಯ ದುಡ್ಡು ಒಂದು ಪೆಟ್ಟಿಗೆ, ಖರೀದಿಯ ದುಡ್ಡು ಇನ್ನೊಂದು. ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ. ಸಂಶೋಧಕರಿಗೆ ಕೊಲ್ಲಿಯ ಫಲಿತಾಂಶ ಸಿಕ್ಕಿತು, ಅವರು ಇನ್ನೂ ದೊಡ್ಡ ಲೇಸರಿನ ಕಡೆ ಹೊರಟರು. ಖರೀದಿ ಮಾಡುವವರು 30 ಕಿಲೋವ್ಯಾಟ್ ಕಮ್ಮಿಯಾಯಿತು, ದೊಡ್ಡದು ಬರಲಿ, ಆಮೇಲೆ ನೋಡೋಣ ಅಂದರು. ಅವರ ಮಾತಲ್ಲೂ ನ್ಯಾಯ ಇಲ್ಲದಿಲ್ಲ. ಹಡಗಿನ ಮೇಲೆ ನುಗ್ಗಿ ಬರುವ ಕ್ಷಿಪಣಿಗೆ ಅದು ಏನೇನೂ ಸಾಲದು. ಆದರೂ ನನ್ನನ್ನು ಕೇಳಿದರೆ ಅದೇ ಲೇಸರನ್ನು ಇನ್ನೂ ನಾಲ್ಕೈದು ಹಡಗಿಗೆ ಹಾಕಬೇಕಿತ್ತು. ಒಂದೇ ಪೀಸ್ ಇದ್ದರೆ ಕೆಟ್ಟಾಗ ಅದನ್ನು ಕಟ್ಟಿದ ಎಂಜಿನಿಯರನ್ನೇ ಕರೆಸಬಹುದು. ಐದು ಇದ್ದರೆ ಆಗದು. ಆಗ ಕೈಪಿಡಿ ಬರೆಯಬೇಕು, ಸ್ಪೇರ್ ಇಡಬೇಕು, ಉಪ್ಪು ಕೂತ ಕನ್ನಡಿಯನ್ನು ಒರೆಸಲು ಹತ್ತೊಂಬತ್ತು ವರ್ಷದ ನಾವಿಕನಿಗೆ ಕಲಿಸಬೇಕು. ಪ್ರಯೋಗ ಆಯುಧವಾಗುವುದು ಆ ಕೆಲಸದಲ್ಲಿ.

ಆದದ್ದೇ ಬೇರೆ. ಮತ್ತೆ ಮತ್ತೆ ಹೊಸದಾಗಿ ಶುರು. ಪೋರ್ಟ್‌ಲ್ಯಾಂಡ್ ಅನ್ನುವ ಹಡಗಿನ ಮೇಲೆ 150 ಕಿಲೋವ್ಯಾಟ್ ದರ್ಜೆಯ ಬೇರೊಂದು ಲೇಸರ್ ಬಂತು. 2020ರ ಮೇನಲ್ಲಿ ಪೆಸಿಫಿಕ್‌ನಲ್ಲಿ ಡ್ರೋನ್ ಕೆಡವಿತು. 2021ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ತೇಲುವ ಗುರಿಯನ್ನು ಸುಟ್ಟಿತು. ಅದೂ ಒಂದೇ ಪೀಸ್. 2018ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ 15 ಕೋಟಿ ಡಾಲರಿನ ಗುತ್ತಿಗೆ ಸಿಕ್ಕಿತು. ಅದರ ಫಲ ಹೀಲಿಯಾಸ್, 60 ಕಿಲೋವ್ಯಾಟ್‌ಗೂ ಮೇಲಿನ ಲೇಸರ್. ಪೊನ್ಸೆ ತಪ್ಪಿಸಿಕೊಂಡ ಪಾಠವನ್ನು ಕೊನೆಗೂ ಓದಲು ಕೂತಿದ್ದು ಇಲ್ಲಿ. ಹಡಗಿನ ಕರೆಂಟು, ಹಡಗಿನ ತಂಪುನೀರು, ಏಜಿಸ್ ಜೊತೆ ನೇರ ಜೋಡಣೆ. ಅದು ಪ್ರೆಬಲ್ ಅನ್ನುವ ಡಿಸ್ಟ್ರಾಯರ್ ಸೇರುವಾಗ 2022 ಆಗಿತ್ತು.

2023ರ ಏಪ್ರಿಲಿನಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು ಇದನ್ನೆಲ್ಲ ಕೂತು ನೋಡಿದರು. ಇಂಥ ಆಯುಧಗಳಿಗೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಖರ್ಚಾಗುತ್ತಿದೆ. ಆದರೆ ಮುಗಿದ ಮೇಲೆ ಇದನ್ನು ಯಾರು ವಹಿಸಿಕೊಳ್ಳುತ್ತಾರೆ ಅನ್ನುವ ಒಪ್ಪಂದವನ್ನು ನೌಕಾಪಡೆ ಎಲ್ಲ ಕಡೆ ಬರೆದಿಟ್ಟುಕೊಂಡಿಲ್ಲ ಅಂತ ಅವರ ವರದಿ ಹೇಳಿತು. ಮಗು ಹುಟ್ಟಿದೆ, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ.

ಅದೇ ವರ್ಷ ಅಕ್ಟೋಬರ್ 19ರಂದು ಕೆಂಪು ಸಮುದ್ರದಲ್ಲಿ ಕಾರ್ನಿ ಅನ್ನುವ ಡಿಸ್ಟ್ರಾಯರ್ ಯೆಮನ್ ಕಡೆಯಿಂದ ಬಂದ ಡ್ರೋನ್, ಕ್ಷಿಪಣಿಗಳನ್ನು ಹೊಡೆದು ಕೆಡವಿತು. ಆಮೇಲೆ ತಿಂಗಳುಗಟ್ಟಲೆ ಇದೇ ಪಾಡು. ಅಗ್ಗದ ಡ್ರೋನಿಗೆ ಸುಮಾರು 20 ಲಕ್ಷ ಡಾಲರಿನ ಕ್ಷಿಪಣಿ. ಪೊನ್ಸೆ ಲೇಸರ್ ಹೊತ್ತು ನಿಂತಿದ್ದ ಕಡಲು ಅಲ್ಲಿಂದ ದೂರವೇನಲ್ಲ, ಅರೇಬಿಯಾದ ಇನ್ನೊಂದು ಮಗ್ಗುಲು. 2024ರ ಜನವರಿಯಲ್ಲಿ ನೌಕಾಪಡೆಯ ಮೇಲ್ಮೈ ಹಡಗುಗಳ ಮುಖ್ಯಸ್ಥ ವೈಸ್ ಅಡ್ಮಿರಲ್ ಬ್ರೆಂಡನ್ ಮೆಕ್ಲೇನ್, ಲೇಸರ್ ಆಯುಧಗಳು ಬರುತ್ತಿರುವ ವೇಗ ತನಗೆ ಸಮಾಧಾನ ತಂದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಪೊನ್ಸೆಯ ಹೆಸರನ್ನೂ ಎತ್ತಿದರು. ಪ್ರೆಬಲ್ ಹೀಲಿಯಾಸ್‌ನಿಂದ ಡ್ರೋನ್ ಒಂದಕ್ಕೆ ಹೊಡೆದ ಸುದ್ದಿಯೂ ಚಿತ್ರವೂ ಹೊರಬಂದಾಗ 2025 ಶುರುವಾಗಿತ್ತು.

ನೆಲದ ಮೇಲೆ ಇರುವವರ ಕಥೆಯೂ ಸುಲಭದ್ದಲ್ಲ. ಅಮೆರಿಕದ ಭೂಸೇನೆ 50 ಕಿಲೋವ್ಯಾಟ್ ಲೇಸರನ್ನು ಸ್ಟ್ರೈಕರ್ ಕವಚವಾಹನದಲ್ಲಿ ತುಂಬಿ 2024ರಲ್ಲಿ ಪಶ್ಚಿಮ ಏಷ್ಯಾಕ್ಕೆ ಕಳಿಸಿತು. ಒಂದೇ ಕಡೆ ನಿಲ್ಲಿಸಿದರೆ ಪರವಾಗಿಲ್ಲ, ಓಡಾಡುವ ಗಾಡಿಯಲ್ಲಿ ಕಷ್ಟ ಅಂತ ಖರೀದಿಯ ಹೊಣೆ ಹೊತ್ತಿದ್ದ ಅಧಿಕಾರಿಯೇ ಮೇ ತಿಂಗಳಲ್ಲಿ ಸೆನೆಟ್ ಮುಂದೆ ಒಪ್ಪಿಕೊಂಡರು. ಶಾಖ ಹೊರಹಾಕುವುದು ಕಷ್ಟ, ಎಲೆಕ್ಟ್ರಾನಿಕ್ಸ್ ತುಂಬ ಜಾಸ್ತಿ, ಕುಲುಕಾಟಕ್ಕೆ ಸವೆತ. ಪೀಣ್ಯದ ಯಾವ ಸರ್ವಿಸ್ ಎಂಜಿನಿಯರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದ.

ನಮ್ಮ ಕಡೆಯ ಲೆಕ್ಕವೂ ಒಂದಿದೆ. 2017ರಲ್ಲಿ ಡಿಆರ್‌ಡಿಓ ಚಿತ್ರದುರ್ಗದಲ್ಲಿ ಟ್ರಕ್ಕಿನ ಮೇಲೆ ಕೂರಿಸಿದ 1 ಕಿಲೋವ್ಯಾಟ್ ಲೇಸರನ್ನು ಪರೀಕ್ಷಿಸಿತು. 250 ಮೀಟರ್ ದೂರದ ಲೋಹದ ಹಾಳೆಗೆ ತೂತು ಬೀಳಲು 36 ಸೆಕೆಂಡ್ ಹಿಡಿಯಿತು. 36 ಸೆಕೆಂಡ್ ಯಾವ ಡ್ರೋನೂ ಒಂದೇ ಕಡೆ ನಿಂತು ಕಾಯುವುದಿಲ್ಲ. ಆದರೆ ಶುರು ಅಂತ ಒಂದಾಯಿತು. 2021ರ ಆಗಸ್ಟ್ 31ರಂದು ಭಾರತೀಯ ನೌಕಾಪಡೆ ಡ್ರೋನ್ ತಡೆಯುವ ವ್ಯವಸ್ಥೆಗಾಗಿ ಬೆಂಗಳೂರಿನ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಡ್ರೋನಿನ ಸಿಗ್ನಲ್ ಕೆಡಿಸುವುದರ ಜೊತೆಗೆ ಸಣ್ಣ ಲೇಸರಿನಿಂದ ಸುಡುವುದೂ ಅದರಲ್ಲಿದೆ. ಶಕ್ತಿ ಕಮ್ಮಿ, ಆದರೆ ಸಂಶೋಧನೆಯ ಪೆಟ್ಟಿಗೆಯಿಂದ ಖರೀದಿಯ ಪೆಟ್ಟಿಗೆಗೆ ದಾಟಿತು. ಪೊನ್ಸೆಯ ಲೇಸರಿಗೆ ಕೊನೆಗೂ ಸಿಗದ ಭಾಗ್ಯ ಇದು. ಇದಕ್ಕೆ ಸುದ್ದಿ ಕಡಿಮೆ ಬಂತು ಅನ್ನುವುದು ನನ್ನ ಸಣ್ಣ ಬೇಜಾರು.

ದೊಡ್ಡ ಸುದ್ದಿಯಾದದ್ದು 2025ರ ಏಪ್ರಿಲ್ 13ರ ಕರ್ನೂಲಿನ ಪರೀಕ್ಷೆ. ವಾಹನದ ಮೇಲಿನ 30 ಕಿಲೋವ್ಯಾಟ್ ಲೇಸರ್ ರೆಕ್ಕೆಯ ಡ್ರೋನನ್ನೂ ಗುಂಪಾಗಿ ಬಂದ ಡ್ರೋನುಗಳನ್ನೂ ಕೆಡವಿತು. 30 ಅಂದರೆ ಹೆಚ್ಚುಕಡಿಮೆ ಪೊನ್ಸೆಯದ್ದೇ ಅಂಕಿ. ಆ ಗಾಡಿ ಜೈಸಲ್ಮೇರಿನ ಮೇ ತಿಂಗಳ ಬಿಸಿಲಲ್ಲಿ ಒಂದು ಸೀಸನ್ ನಿಲ್ಲಲಿ. ಎಂಜಿನಿಯರುಗಳು ಮನೆಗೆ ಹೋದ ಮೇಲೆ ಜವಾನರೇ ಅದನ್ನು ನಡೆಸಲಿ. ಚಿಲ್ಲರಿನ ಅಲಾರಾಂ ಎಷ್ಟು ಸಲ ಹೊಡೆದುಕೊಂಡಿತು ಅನ್ನುವ ವರದಿ ಬಂದರೆ ನಾನಂತೂ ಮೊದಲು ಅದನ್ನೇ ಓದುತ್ತೇನೆ.